ಹತ್ತಕ್ಕೆ ಊರು ಮುಚ್ಚಿಸಿದರೆ ಕಳ್ಳ ಮಲಗುತ್ತಾನೆಯೇ?

ಪ್ರಶ್ನೆ: ಸಾಹೇಬರಿಗೆ ನಮಸ್ಕಾರ. ನಮ್ಮದು ಕೊಪ್ಪಳ ಜಿಲ್ಲೆಯ ಒಂದು ತಾಲ್ಲೂಕು ಊರು. ಬಸ್ ಸ್ಟ್ಯಾಂಡ್ ಎದುರಿಗೆ ಹದಿನಾಲ್ಕು ವರ್ಷದಿಂದ ಚಹಾ, ಒಗ್ಗರಣಿ, ಮಿರ್ಚಿ ಬಂಡಿ ಇಟ್ಟಿದ್ದೇನೆ. ರಾತ್ರಿ ಬಸ್ಸಿನವರು, ಗಿರಣಿ ಹಮಾಲರು, ಲಾರಿ ಡ್ರೈವರ್‌ಗಳು ನನ್ನ ಗಿರಾಕಿಗಳು. ಎರಡು ತಿಂಗಳಿಂದ ಊರಲ್ಲಿ ಕಳ್ಳತನ ಜಾಸ್ತಿಯಾಗಿದೆ. ನಾಲ್ಕು ಬೈಕ್ ಹೋದವು, ಒಬ್ಬ ಅಕ್ಕನ ಸರ ಕಿತ್ತರು, ಒಂದು ಕಿರಾಣಿ ಅಂಗಡಿಯ ಶಟರ್ ಮುರಿದರು. ನನ್ನ ಬಂಡಿಯ ಸಿಲಿಂಡರೂ ಹೋಯಿತು. ವರ್ತಕರು ಠಾಣೆಗೆ ಹೋಗಿ ಮೀಟಿಂಗ್ ಮಾಡಿದರು. ಮರುದಿನವೇ ಜೀಪಿನಲ್ಲಿ ಮೈಕ್ ಹಾಕಿ, ರಾತ್ರಿ ಹತ್ತರ ಮೇಲೆ ಯಾರೂ ಹೊರಗೆ ಕಾಣಬಾರದು, ಕಂಡರೆ ಎತ್ತಿ ಒಳಗೆ ಹಾಕುತ್ತೇವೆ ಎಂದು ಸಾರಿದರು. ಇವತ್ತಿಗೆ ಇಪ್ಪತ್ತಾರು ದಿನ. ನನ್ನ ಮಗನಿಗೆ ಹತ್ತೊಂಬತ್ತು. ಅಕ್ಕಿ ಗಿರಣಿಯಲ್ಲಿ ಎರಡನೇ ಪಾಳಿ. ಹೋದ ವಾರ ಹನ್ನೊಂದೂಕಾಲಕ್ಕೆ ಸೈಕಲ್ ಮೇಲೆ ಬರುವಾಗ ತಡೆದು ತೊಡೆಗೆ ಎರಡು ಏಟು ಹಾಕಿದರು. ಠಾಣೆಯಲ್ಲಿ ಮೂರು ಗಂಟೆ ತನಕ ಕೂರಿಸಿ ಬೆರಳು ಒತ್ತಿಸಿಕೊಂಡರು, ಫೋಟೋ ತೆಗೆದರು, ಮೊಬೈಲ್ ಲಾಕ್ ತೆಗೆಸಿ ನೋಡಿದರು, ಐನೂರು ರೂಪಾಯಿ ಇಸಕೊಂಡು ಬಿಟ್ಟರು. ರಸೀದಿ ಇಲ್ಲ. ನಮ್ಮ ಹಿಂದಿನ ಓಣಿಯಲ್ಲಿ ಕೊರಮರ ಮನೆಗಳಿವೆ, ಅಲ್ಲಿ ದಿನಾ ನಡುರಾತ್ರಿ ಬಾಗಿಲು ಬಡಿಯುತ್ತಾರೆ. ಊರ ಮಂದಿ ‘ಛಲೋ ಆತು ಬಿಡ್ರಿ’ ಅನ್ನುತ್ತಾರೆ. ನನಗೂ ಕಳ್ಳರ ಭಯ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಹೀಗೆ ಮಾಡಲು ಪೊಲೀಸರಿಗೆ ಅಧಿಕಾರ ಇದೆಯೇ? ಇದರಿಂದ ಕಳ್ಳತನ ನಿಲ್ಲುತ್ತದೆಯೇ? ದೂರು ಕೊಟ್ಟರೆ ಮಗನ ಮೇಲೆ ಕೇಸು ಬೀಳುತ್ತದೆಯೇ? ಹೆಸರು, ಊರು ಹಾಕಬೇಡಿ.

ಉತ್ತರ: ನಿಮ್ಮ ಪತ್ರ ಓದುತ್ತಾ ನನಗೆ ಸ್ವಲ್ಪ ಮುಜುಗರವಾಯಿತು. ಆ ಜೀಪು, ಆ ಮೈಕು, ಆ ಮಾತು ನನಗೆ ಹೊಸದಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಠಾಣೆಗಳಲ್ಲಿ ಮೂವತ್ತೊಂದು ವರ್ಷ ಖಾಕಿ ಹಾಕಿ, ಇನ್‌ಸ್ಪೆಕ್ಟರ್ ಆಗಿ ನಿವೃತ್ತನಾದವನು ನಾನು. ಸಬ್ ಇನ್‌ಸ್ಪೆಕ್ಟರ್ ಆಗಿದ್ದಾಗ ಒಂದು ಊರನ್ನು ನಾನೂ ಹೀಗೆಯೇ ಹತ್ತಕ್ಕೆ ಮುಚ್ಚಿಸಿದ್ದೆ. ಆ ಕತೆ ಮುಂದೆ ಹೇಳುತ್ತೇನೆ.

ಕೇಳಿದ್ದು ಮೂರು ಪ್ರಶ್ನೆ. ಮೂರರ ತಳದಲ್ಲೂ ಒಂದೇ ಕಳವಳ ಕಾಣುತ್ತದೆ: ಕಳ್ಳನಿಗೂ ಹೆದರಬೇಕು, ಕಳ್ಳನನ್ನು ಹಿಡಿಯಬೇಕಾದವರಿಗೂ ಹೆದರಬೇಕು, ಇದರ ನಡುವೆ ಬಂಡಿ ನಡೆಸುವುದು ಹೇಗೆ?

ಮೊದಲು ಮೈಕಿನ ವಿಷಯ. ಜೀಪಿನಿಂದ ಕೂಗಿದ್ದು ಆದೇಶ ಆಗುವುದಿಲ್ಲ. ಆದೇಶ ಇದ್ದರೆ ಅದನ್ನು ಸಾರುವುದಕ್ಕೆ ಮೈಕ್ ಬೇಕು, ಸರಿ. ಆದರೆ ಮೊದಲು ಕಾಗದ ಇರಬೇಕು. ನಾವು ಕರ್ಫ್ಯೂ ಅನ್ನುತ್ತೇವಲ್ಲ, ಅದಕ್ಕೆ ಆಧಾರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ. 2024ರ ಜುಲೈ 1ರವರೆಗೆ ಇದೇ 144 ಆಗಿತ್ತು, ಠಾಣೆಯಲ್ಲೂ ಕಟ್ಟೆಯಲ್ಲೂ ಇನ್ನೂ ಹಳೆಯ ನಂಬರೇ ಓಡುತ್ತಿದೆ. ಆ ಕಲಮಿನಡಿ ಆದೇಶ ಹೊರಡಿಸಬೇಕಾದವರು ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ಸರ್ಕಾರ ವಿಶೇಷವಾಗಿ ಅಧಿಕಾರ ಕೊಟ್ಟ ಬೇರೆ ಕಾರ್ಯನಿರ್ವಾಹಕ ದಂಡಾಧಿಕಾರಿ. ಬೆಂಗಳೂರು, ಮೈಸೂರಿನಂಥ ಕಡೆ ಪೊಲೀಸ್ ಕಮಿಷನರ್ ಅವರಿಗೇ ದಂಡಾಧಿಕಾರಿಯ ಅಧಿಕಾರ ಇದೆ. ನಮ್ಮ ಮೂರು ಜಿಲ್ಲೆಗಳಲ್ಲಿ ಕಮಿಷನರೇಟ್ ಇಲ್ಲ. ಹಾಗಾಗಿ ಇಲ್ಲಿ ಪಿಎಸ್‌ಐ ಇರಲಿ, ಡಿವೈಎಸ್‌ಪಿ ಇರಲಿ, ಎಸ್‌ಪಿ ಸಾಹೇಬರೇ ಇರಲಿ, ‘ಪರಿಸ್ಥಿತಿ ಹೀಗಿದೆ, ನಿಷೇಧಾಜ್ಞೆ ಬೇಕು’ ಎಂದು ವರದಿ ಕಳಿಸಬಹುದು. ಸಹಿ ಹಾಕುವ ಕೈ ಬೇರೆಯವರದು.

ಆ ಕಾಗದದಲ್ಲಿ ಏನಿರಬೇಕು ಎನ್ನುವುದೂ ಗೊತ್ತಿರಲಿ. ಯಾಕೆ ಬೇಕಾಯಿತು, ಎಲ್ಲಿಂದ ಎಲ್ಲಿಯವರೆಗೆ, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಎಷ್ಟು ದಿನ. ಎರಡು ತಿಂಗಳು ಮೀರುವಂತಿಲ್ಲ. ಮೀರಬೇಕೆಂದರೆ ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಬೇಕು, ಅದಕ್ಕೂ ಮತ್ತೆ ಆರು ತಿಂಗಳ ಮಿತಿ. ಸುಪ್ರೀಂ ಕೋರ್ಟ್ 2020ರ ಜನವರಿ 10ರಂದು ಅನುರಾಧಾ ಭಾಸಿನ್ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿತು: ಇಂಥ ಆದೇಶಗಳನ್ನು ಪ್ರಕಟಿಸಬೇಕು, ಕಾರಣದ ಸಂಗತಿಗಳನ್ನು ಬರೆಯಬೇಕು, ನಿರ್ಬಂಧ ಅಗತ್ಯಕ್ಕೆ ತಕ್ಕಷ್ಟೇ ಇರಬೇಕು, ಒಂದರ ಹಿಂದೆ ಒಂದು ಹೊರಡಿಸುತ್ತಾ ಹೋಗುವುದು ಅಧಿಕಾರದ ದುರ್ಬಳಕೆ. ಅದಾದ ಮುಂದಿನ ತಿಂಗಳೇ ನಮ್ಮ ಹೈಕೋರ್ಟ್ 2019ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಾಕಿದ್ದ ನಿಷೇಧಾಜ್ಞೆಯನ್ನು ಕಾನೂನಿಗೆ ಹೊಂದದ್ದು ಎಂದಿತು. ಅಲ್ಲಿ ಕಾಗದವಾದರೂ ಇತ್ತು. ನಿಮ್ಮ ಊರಿನಲ್ಲಿ ಅದೂ ಇದ್ದಂತಿಲ್ಲ.

ಎರಡು ತಪ್ಪು ತಿಳಿವಳಿಕೆ ಊರಲ್ಲಿ ಗಟ್ಟಿಯಾಗಿ ಕೂತಿವೆ. ಒಂದು ಕೊರೊನಾ ಕಾಲದ್ದು. ‘ಆಗ ರಾತ್ರಿ ಕರ್ಫ್ಯೂ ಇತ್ತಲ್ಲ, ಹೊಡೆದರೂ ಯಾರೂ ಕೇಳಲಿಲ್ಲ’ ಎನ್ನುತ್ತಾರೆ. 2021ರ ಏಪ್ರಿಲ್‌ನಲ್ಲಿ ರಾಜ್ಯವಿಡೀ ಬಂದ ಆ ರಾತ್ರಿ ಕರ್ಫ್ಯೂಗೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಬಲ ಇತ್ತು, ಸರ್ಕಾರದ ಲಿಖಿತ ಆದೇಶ ಇತ್ತು, ಪಾಳಿ ಕೆಲಸದವರಿಗೆ ವಿನಾಯಿತಿ ಇತ್ತು. ಹೊಡೆಯಲು ಆಗಲೂ ಅಧಿಕಾರ ಇರಲಿಲ್ಲ. ಆ ರೋಗದ ಕಾಲ ನಮ್ಮ ಇಲಾಖೆಗೂ ಜನರಿಗೂ ಒಂದು ಕೆಟ್ಟ ಚಟ ಅಂಟಿಸಿ ಹೋಯಿತು ಎನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು, ರಾತ್ರಿ ಹತ್ತರ ಮೇಲೆ ರಸ್ತೆಯಲ್ಲಿದ್ದರೆ ಅದೇ ಒಂದು ಅಪರಾಧ ಎಂಬ ನಂಬಿಕೆ. ಕರ್ನಾಟಕ ಪೊಲೀಸ್ ಕಾಯ್ದೆ 1963ರಲ್ಲಿ 96ನೇ ಕಲಂ ಇದೆ. ಸೂರ್ಯ ಮುಳುಗಿ ಮೂಡುವ ನಡುವೆ ಅಪರಾಧದ ಉದ್ದೇಶದಿಂದ ಆಯುಧ ಹಿಡಿದವನು, ಅದೇ ಉದ್ದೇಶಕ್ಕೆ ಮುಖ ಮುಚ್ಚಿಕೊಂಡವನು, ಮನೆ ಒಡೆಯುವ ಸಲಕರಣೆ ಇಟ್ಟುಕೊಂಡು ಕಾರಣ ಹೇಳಲಾರದವನು, ಇಂಥವರಿಗೆ ಅದು. ಟಿಫಿನ್ ಡಬ್ಬಿ ಕಟ್ಟಿಕೊಂಡು ಸೈಕಲ್ ತುಳಿಯುವ ಹುಡುಗನಿಗಲ್ಲ. ನಮ್ಮ ಸೀಮೆಯಲ್ಲಿ ರಾತ್ರಿ ಹೊರಗಿರುವವರ ಲೆಕ್ಕ ಹಾಕಿ ನೋಡಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಪಾಳಿ, ಹಟ್ಟಿ ಚಿನ್ನದ ಗಣಿಯ ಪಾಳಿ, ಶಕ್ತಿನಗರದ ವಿದ್ಯುತ್ ಸ್ಥಾವರ, ಗಿಣಿಗೇರಿಯ ಫ್ಯಾಕ್ಟರಿಗಳು, ಗಂಗಾವತಿಯ ಗಿರಣಿಗಳು. ಎಡದಂಡೆ ಕಾಲುವೆಗೆ ನೀರು ಬಿಟ್ಟಾಗ ಸರದಿ ರಾತ್ರಿ ಎರಡಕ್ಕೆ ಬಂದರೆ ರೈತ ಎರಡಕ್ಕೇ ಹೋಗಬೇಕು. ತ್ರೀಫೇಸ್ ಕರೆಂಟು ನಡುರಾತ್ರಿ ಕೊಟ್ಟರೆ ಮೋಟರ್ ಹಾಕಲು ಆಗಲೇ ಏಳಬೇಕು. ಇವರನ್ನೆಲ್ಲ ಮನೆಯಲ್ಲಿ ಕೂರಿಸಿದರೆ ಜಿಲ್ಲೆ ನಡೆಯುವುದಿಲ್ಲ.

ಪೊಲೀಸರ ಕಡೆಯಿಂದಲೂ ಒಂದು ಮಾತು. ಗಸ್ತಿನವರು ರಾತ್ರಿ ತಡೆದು, ಹೆಸರೇನು, ಎಲ್ಲಿಂದ ಬಂದೆ, ಗಾಡಿ ಯಾರದು ಎಂದು ಕೇಳುವುದು ತಪ್ಪಲ್ಲ. ಅದು ಅವರ ಕೆಲಸ. ಉತ್ತರ ಕೊಡುವುದರಲ್ಲಿ ನಮ್ಮ ಮಾನ ಹೋಗುವುದಿಲ್ಲ. ಹಬ್ಬದ ಮೆರವಣಿಗೆಯಲ್ಲಿ ಕಲ್ಲು ಬಿದ್ದು ಊರು ಕುದಿಯುತ್ತಿರುವಾಗ ಎರಡು ದಿನ ನಿಷೇಧಾಜ್ಞೆ ಹಾಕುವುದರಿಂದ ಜೀವ ಉಳಿಯುವುದನ್ನು ಗಂಗಾವತಿ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಅದು ಇವತ್ತೋ ನಾಳೆಯೋ ಎನ್ನುವಂಥ ತುರ್ತು. ಬೈಕ್ ಕಳವು ತುರ್ತಲ್ಲ, ಅದು ತನಿಖೆಯ ಕೆಲಸ.

ಈಗ ನಿಮ್ಮ ಮಗನ ರಾತ್ರಿಗೆ ಬರೋಣ. ತಡೆದದ್ದನ್ನು ಒಪ್ಪಬಹುದು. ಲಾಠಿ ಏಟಿಗೆ ಯಾವ ಕಲಮೂ ಇಲ್ಲ. ಓಡದ, ಎದುರು ಬೀಳದ ಮನುಷ್ಯನ ಮೇಲೆ ಬಲ ಪ್ರಯೋಗಿಸುವಂತಿಲ್ಲ. ಠಾಣೆಗೆ ಒಯ್ದದ್ದಕ್ಕೆ ಅವರು ಸಂಹಿತೆಯ 170 ಅಥವಾ 172 ತೋರಿಸಬಹುದು. ಮೊದಲನೆಯದು, ಈತ ಗಂಭೀರ ಅಪರಾಧ ಮಾಡಲು ಹೊರಟಿದ್ದಾನೆ, ಹಿಡಿಯದೆ ತಡೆಯಲಾಗದು ಎಂದು ಖಚಿತವಿದ್ದಾಗ. ಎರಡನೆಯದು ಹೊಸ ಸಂಹಿತೆಯಲ್ಲಿ ಸೇರಿದ್ದು; ಅಪರಾಧ ತಡೆಯುವ ಕರ್ತವ್ಯದಲ್ಲಿ ಪೊಲೀಸರು ಕೊಟ್ಟ ಕಾನೂನುಬದ್ಧ ಸೂಚನೆ ಮೀರಿದವರಿಗೆ. ಸೂಚನೆಗೇ ಕಾನೂನಿಲ್ಲದಿದ್ದಾಗ ಮೀರಿದ ಪ್ರಶ್ನೆ ಏಳುವುದಿಲ್ಲ. ‘ಇಪ್ಪತ್ನಾಲ್ಕು ತಾಸು ಇಟ್ಟುಕೊಳ್ಳಬಹುದು’ ಎಂದು ಠಾಣೆಯಲ್ಲಿ ಹೇಳುತ್ತಾರಲ್ಲ, ಆ ಇಪ್ಪತ್ನಾಲ್ಕು ತಾಸು ಗರಿಷ್ಠ ಮಿತಿ. ಕಾರಣವಿದ್ದು ಹಿಡಿದವನನ್ನು ಅಷ್ಟರೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂಬ ಕಟ್ಟುಪಾಡು ಅದು. ಕಾರಣವಿಲ್ಲದೆ ಒಂದು ತಾಸು ಕೂರಿಸಲೂ ಅದರಿಂದ ಪರವಾನಗಿ ಸಿಗುವುದಿಲ್ಲ. ಬಂಧಿಸಿದ್ದೇ ಆದರೆ ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು. ನಿಮಗೆ ಫೋನ್ ಬರಲಿಲ್ಲ ಅಂದರೆ ಅವರ ಲೆಕ್ಕದಲ್ಲಿ ಆತ ಬಂಧಿತನೂ ಅಲ್ಲ, ಅತಿಥಿಯೂ ಅಲ್ಲ. ಠಾಣೆಯ ಬೆಂಚಿನ ಮೇಲೆ ಹೀಗೆ ಯಾವ ರಿಜಿಸ್ಟರಿಗೂ ಸೇರದ ಜನರನ್ನು ನಾನು ಬಹಳ ನೋಡಿದ್ದೇನೆ, ಕೂರಿಸಿಯೂ ಇದ್ದೇನೆ.

ಬೆರಳಚ್ಚು, ಫೋಟೋ ತೆಗೆಯಲು 2022ರ ಗುರುತು ಕಾಯ್ದೆ ಅವಕಾಶ ಕೊಡುವುದು ಶಿಕ್ಷೆಯಾದವರಿಂದ, ಬಂಧಿತರಿಂದ, ಮ್ಯಾಜಿಸ್ಟ್ರೇಟರು ಆದೇಶ ಮಾಡಿದವರಿಂದ. ಬೆಂಚಿನ ಮೇಲೆ ಕೂರಿಸಿದವನಿಂದ ಅಲ್ಲ. ಮೊಬೈಲೂ ಅಷ್ಟೇ. ಕೇಸು ನಂಬರ್ ಇಲ್ಲದೆ, ನೋಟಿಸ್ ಇಲ್ಲದೆ ಹುಡುಗನ ವಾಟ್ಸಾಪ್ ಓದಲು ಯಾರಿಗೂ ಹಕ್ಕಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲಿ ಹೇಳಿದ ಪ್ರಕರಣದ ಅರ್ಜಿದಾರರು ನಮ್ಮ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಗಳಾಗಿದ್ದ ಕೆ.ಎಸ್. ಪುಟ್ಟಸ್ವಾಮಿ. ಇನ್ನು ಐನೂರು ರೂಪಾಯಿ. ನಿಷೇಧಾಜ್ಞೆ ನಿಜವಾಗಿ ಇದ್ದು ಅದನ್ನು ಮುರಿದಿದ್ದರೂ, ಭಾರತೀಯ ನ್ಯಾಯ ಸಂಹಿತೆಯ 223ನೇ ಕಲಮಿನಡಿ ಶಿಕ್ಷೆ ಕೊಡುವುದು ನ್ಯಾಯಾಲಯ. ಅದೂ ಆದೇಶ ಹೊರಡಿಸಿದ ಅಧಿಕಾರಿ ಅಥವಾ ಅವರ ಮೇಲಿನವರು ಲಿಖಿತ ದೂರು ಕೊಟ್ಟ ಮೇಲೆ. ಠಾಣೆಯ ಮೇಜಿನ ಮೇಲೆ ಎಣಿಸಿ ಕೊಡುವ ದಂಡ ಅದಲ್ಲ. ಹಾಗೆ ಕೊಟ್ಟ ಹಣಕ್ಕೆ ಏನೆನ್ನುತ್ತಾರೆಂದು ನಿಮಗೂ ಗೊತ್ತು, ನನಗೂ ಗೊತ್ತು.

ನಾನು ಹೇಳುತ್ತೇನೆ ಎಂದ ಕತೆ ಈಗ. ರಾಯಚೂರು ಜಿಲ್ಲೆಯ ಒಂದು ಊರು, ಹತ್ತಿಯ ಸುಗ್ಗಿ. ಒಂದೇ ತಿಂಗಳಲ್ಲಿ ನಾಲ್ಕು ಅಂಗಡಿ ಮುರಿದವು. ಮೇಲಿನವರು ದಿನಾ ವೈರ್‌ಲೆಸ್‌ನಲ್ಲಿ ‘ಏನಾಯ್ತು’ ಎನ್ನುತ್ತಿದ್ದರು. ಏನಾದರೂ ಮಾಡಿದಂತೆ ಕಾಣಬೇಕಿತ್ತು. ಹತ್ತಕ್ಕೆ ಜೀಪ್ ತೆಗೆದುಕೊಂಡು ಹೊರಟೆ, ಬಸ್ ಸ್ಟ್ಯಾಂಡಿನಿಂದ ಗಂಜ್ ತನಕ ಎಲ್ಲ ಮುಚ್ಚಿಸಿದೆ. ಗಂಜ್ ರಸ್ತೆಯ ತಿರುವಿನಲ್ಲಿ ಒಬ್ಬ ಅಜ್ಜಿ ಮೊಟ್ಟೆ ಬಂಡಿ ಇಡುತ್ತಿದ್ದಳು. ಒಂದು ಪೆಟ್ರೋಮ್ಯಾಕ್ಸ್, ಎರಡು ಸ್ಟೂಲು, ಎದುರಿಗೆ ಗೊಬ್ಬರ ಮತ್ತು ಕ್ರಿಮಿನಾಶಕದ ಅಂಗಡಿ. ‘ಎಪ್ಪಾ, ಹನ್ನೆರಡರ ಗಾಡಿ ಮಂದಿ ಉಂಡು ಹೋಗ್ಲಿ’ ಎಂದಳು. ಪೇದೆಗೆ ಸನ್ನೆ ಮಾಡಿ ದೀಪ ಆರಿಸಿಸಿದೆ. ಆಮೇಲೆ ಆಕೆ ಬರಲಿಲ್ಲ.

ಮೂರು ವಾರ ಊರು ಗಪ್‌ಚಿಪ್. ವರ್ತಕರು ಶಾಲು ಹೊದಿಸಿದರು. ನಾಲ್ಕನೇ ವಾರ ಆ ಕ್ರಿಮಿನಾಶಕದ ಅಂಗಡಿಯ ಶಟರನ್ನು ಜಾಕಿ ಕೊಟ್ಟು ಎತ್ತಿ, ಟೆಂಪೋ ನಿಲ್ಲಿಸಿ, ಡಬ್ಬಿ ಡಬ್ಬಿ ಕ್ರಿಮಿನಾಶಕದ ಎಣ್ಣೆ ತುಂಬಿಕೊಂಡು ಹೋದರು. ಹತ್ತಿ ಸೀಮೆಯಲ್ಲಿ ಅದು ಬಂಗಾರವಿದ್ದಂತೆ, ಬಿಲ್ಲಿಲ್ಲದೆ ಮಾರಿ ಹೋಗುತ್ತದೆ. ನಾಲ್ಕು ತಿಂಗಳ ಮೇಲೆ ಬೇರೆ ಜಿಲ್ಲೆಯವರು ಹಿಡಿದಿದ್ದ ಒಬ್ಬನನ್ನು ಕೋರ್ಟಿನಿಂದ ಬಾಡಿ ವಾರಂಟ್ ಪಡೆದು ತಂದೆವು. ‘ಅದೇ ಅಂಗಡಿ ಯಾಕೋ?’ ಎಂದು ಕೇಳಿದೆ. ‘ಮೊದ್ಲು ಅಲ್ಲಿ ಮುದುಕಿ ಬಂಡಿ ಇರ್ತಿತ್ರಿ. ಆಮ್ಯಾಲ ನೀವ ತೆಗಸಿದ್ರಲ್ರಿ’ ಅಂದ. ವ್ಯಂಗ್ಯ ಇರಲಿಲ್ಲ. ಕೇಳಿದ್ದಕ್ಕೆ ಹೇಳಿದ, ಅಷ್ಟೇ.

ಕಳ್ಳತನದ ಗಡಿಯಾರ ನೋಡಿದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ನನ್ನ ಅನುಭವದಲ್ಲಿ ಶಟರ್ ಮುರಿಯುವುದು, ಮನೆ ಕನ್ನ, ರಾತ್ರಿ ಒಂದರಿಂದ ನಾಲ್ಕರ ನಡುವೆ. ಸರಗಳ್ಳತನ ಬೆಳಗ್ಗೆ ಅಂಗಳಕ್ಕೆ ರಂಗೋಲಿ ಹಾಕುವ ಹೊತ್ತು ಅಥವಾ ಸಂಜೆಯ ವಾಕಿಂಗ್ ಹೊತ್ತು. ಬೀಗ ಹಾಕಿದ ಮನೆ ಕಳವಾಗುವುದು ಹುಲಿಗಿಗೋ ಗವಿಮಠದ ಜಾತ್ರೆಗೋ ಹೋದಾಗ, ಇಲ್ಲವೇ ಮನೆಮಂದಿ ಗುಳೆ ಹೋದಾಗ. ಬೈಕು ಆಸ್ಪತ್ರೆ ಮುಂದೆ, ಸಂತೆಯಲ್ಲಿ, ಕಲ್ಯಾಣ ಮಂಟಪದ ಹೊರಗೆ ಹೋಗುತ್ತವೆ, ಬಹುಪಾಲು ಹಗಲು. ಹತ್ತರಿಂದ ಹನ್ನೆರಡು ಗಂಟೆ ಕಳ್ಳನ ಹೊತ್ತೇ ಅಲ್ಲ, ಆಗ ಮಂದಿ ಓಡಾಡುತ್ತಿರುತ್ತಾರೆ. ಕರ್ಫ್ಯೂ ಆ ಮಂದಿಯನ್ನು ತೆಗೆದು ಹಾಕಿ ಅವನ ಕೆಲಸದ ಹೊತ್ತನ್ನು ಎರಡು ತಾಸು ಬೆಳೆಸುತ್ತದೆ.

ಅಮೆರಿಕದ ಎಷ್ಟೋ ಪಟ್ಟಣಗಳಲ್ಲಿ ಹದಿಹರೆಯದವರಿಗೆ ರಾತ್ರಿ ಕರ್ಫ್ಯೂ ಹಾಕುವ ಪದ್ಧತಿ ದಶಕಗಳಿಂದ ಇದೆ. ಅದರ ಮೇಲಿನ 12 ಅಧ್ಯಯನಗಳನ್ನು ಕೂಡಿಸಿ ನೋಡಿದ ಪರಿಶೀಲನೆಯೊಂದು 2016ರಲ್ಲಿ ಬಂತು. ಅಪರಾಧ ಇಳಿದದ್ದಕ್ಕೆ ಪುರಾವೆ ಸಿಗಲಿಲ್ಲ. ಅದೇ ವರ್ಷ ನ್ಯೂಯಾರ್ಕಿನ ಸರ್ಕಾರಿ ವಸತಿ ಸಮುಚ್ಚಯಗಳಲ್ಲಿ, ಚೀಟಿ ಎತ್ತಿದ ಹಾಗೆ ಕೆಲವನ್ನು ಆರಿಸಿ, ಅಲ್ಲಿ ಮಾತ್ರ ಜೋರು ದೀಪ ಹಾಕಿ ನೋಡಿದರು. ರಾತ್ರಿ ಹೊರಾಂಗಣದ ಗಂಭೀರ ಅಪರಾಧ ಸುಮಾರು ಶೇ 36ರಷ್ಟು ಇಳಿಯಿತು. ನ್ಯೂಯಾರ್ಕಿನ ಲೆಕ್ಕ ನಮ್ಮೂರಿಗೆ ತಂದು ಅಂಟಿಸುವುದು ಬೇಡ. ಆದರೆ ಪುರಸಭೆಯವರು ಬೀದಿ ದೀಪ ರಿಪೇರಿ ಮಾಡದೆ ಇಪ್ಪತ್ತಾರು ದಿನದ ಕರ್ಫ್ಯೂ ನೋಡುತ್ತಾ ಕೂತಿದ್ದರೆ, ಕೇಳಬೇಕಾದ ಪ್ರಶ್ನೆ ಬೇರೆ ಇದೆ.

2025ರ ಮಾರ್ಚ್ 6ರ ರಾತ್ರಿ ಸಣಾಪುರದ ಕಾಲುವೆ ಬಳಿ ಪ್ರವಾಸಿಗರ ಮೇಲೆ ನಡೆದ ದಾಳಿಯ ನಂತರ ನಮ್ಮ ಭಾಗದಲ್ಲಿ ಕತ್ತಲೆಂದರೆ ಜನಕ್ಕೆ ನಡುಕ ಹೆಚ್ಚಾಗಿದೆ, ಅದು ಸಹಜ. ನೆನಪಿರಲಿ, ಆ ಜಾಗದಲ್ಲಿ ಕೊರತೆಯಾದದ್ದು ಮನುಷ್ಯರದು.

ಹಾಗಾದರೆ ಕರ್ಫ್ಯೂ ಯಾಕೆ ಹಾಕುತ್ತಾರೆ? ಠಾಣೆಯೊಳಗಿಂದ ಹೇಳುತ್ತೇನೆ. ಜನ ಇಲ್ಲ. ಮಂಜೂರಾದ ಹುದ್ದೆ ಒಂದು, ಇರುವ ಕೈ ಇನ್ನೊಂದು. ಇರುವವರಲ್ಲಿ ಕೆಲವರು ಕೋರ್ಟಿಗೆ, ಕೆಲವರು ಸಮನ್ಸಿಗೆ, ಕೆಲವರು ಬಂದೋಬಸ್ತಿಗೆ. ರಾತ್ರಿ ಉಳಿಯುವವರು ಸೆಂಟ್ರಿ ಸೇರಿ ನಾಲ್ಕೈದು ಮಂದಿ. ಹಗಲಿಡೀ ಜಾತ್ರೆ ಬಂದೋಬಸ್ತಿನಲ್ಲಿ ನಿಂತವನನ್ನೇ ರಾತ್ರಿ ಬೀಟಿಗೆ ಕಳಿಸುತ್ತೇವೆ. ಬ್ಯಾಂಕಿನ ಗೋಡೆಗೋ ಗುಡಿಯ ಕಂಬಕ್ಕೋ ಒಂದು ತಗಡಿನ ಡಬ್ಬಿ, ಅದರೊಳಗೆ ಪಾಯಿಂಟ್ ಪುಸ್ತಕ. ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಬೀಟಿನವನು ಬಂದು ಸಹಿ ಹಾಕಬೇಕು. ಒಂದು ನಸುಕು ನಾನೇ ಹೋಗಿ ಡಬ್ಬಿ ತೆಗೆದೆ. ಮೂರೂ ಸಹಿ ಒಂದೇ ಶಾಯಿಯಲ್ಲಿ, ಒಂದೇ ಓರೆಯಲ್ಲಿ, ಒಂದರ ಕೆಳಗೊಂದು ನೆಟ್ಟಗೆ ಇದ್ದವು. ಪುಟ ತಿರುವಿದರೆ ಮರುದಿನ ರಾತ್ರಿಯ ಹನ್ನೆರಡರ ಸಹಿಯೂ ಆಗಿತ್ತು! ಅವನನ್ನು ಬೈದೆ. ಆಮೇಲೆ ಡ್ಯೂಟಿ ಚಾರ್ಟ್ ತೆಗೆದು ನೋಡಿದರೆ ಅವನು ಮೂವತ್ತಾರು ತಾಸಿನಿಂದ ಮಲಗಿರಲಿಲ್ಲ. ಈಗ ಕೆಲವು ಕಡೆ ಡಬ್ಬಿಯ ಬದಲು ಮೊಬೈಲಿನಲ್ಲಿ ಸ್ಕ್ಯಾನ್ ಮಾಡುವ ಇ-ಬೀಟ್ ಬಂದಿದೆ, ಒಳ್ಳೆಯದೇ. ನಿದ್ದೆ ಮಾತ್ರ ಸ್ಕ್ಯಾನ್ ಆಗುವುದಿಲ್ಲ. ಇಂಥ ಠಾಣೆಗೆ ಊರು ಮುಚ್ಚಿಸುವುದು ಅಗ್ಗದ ದಾರಿ. ರಸ್ತೆ ಖಾಲಿ ಕಂಡರೆ ವರ್ತಕರಿಗೆ ಸಮಾಧಾನ, ಮೇಲಿನವರಿಗೆ ವರದಿ.

ಇದರ ಬೆಲೆ ಕೊಡುವವರು ಯಾರು ಎನ್ನುವುದನ್ನು ನಿಮ್ಮ ಪತ್ರವೇ ಹೇಳಿದೆ. ಕಾರಿನಲ್ಲಿ ಹನ್ನೊಂದಕ್ಕೆ ಮದುವೆ ಮುಗಿಸಿ ಬರುವವರನ್ನು ಯಾರೂ ತೊಡೆಗೆ ಹೊಡೆದಿರುವುದಿಲ್ಲ. ಕೊರಮರ ಓಣಿಯ ವಿಷಯ ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಬ್ರಿಟಿಷರು 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು 1911ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೂ ಹಬ್ಬಿಸಿದರು. ಬಳ್ಳಾರಿ ಆಗ ಅದರೊಳಗಿತ್ತು. ಕೊರಮ, ಕೊರಚರಂಥ ಸಮುದಾಯಗಳಲ್ಲಿ ಹುಟ್ಟಿದ್ದಕ್ಕೇ ಹೆಸರು ಬರೆಸಿ ಹಾಜರಿ ಕೊಡಬೇಕು, ಊರು ಬಿಡಬೇಕಾದರೆ ಪಾಸು ಬೇಕು. 1952ರಲ್ಲಿ ಆ ಕಾಯ್ದೆ ರದ್ದಾಯಿತು. ಠಾಣೆಯ ತಲೆಯಲ್ಲಿ ಅದು ರದ್ದಾಗಲು ಇನ್ನೂ ಸಮಯ ಹಿಡಿದಿದೆ. ಹೆಸರುವಾಸಿ ಹಳೆಯ ಕಳ್ಳನ ಮನೆಗೇ ಆದರೂ ನಡುರಾತ್ರಿ ಹೋಗಿ ಬಾಗಿಲು ಬಡಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1962ರಲ್ಲಿ, ಖರಕ್ ಸಿಂಗ್ ಪ್ರಕರಣದಲ್ಲಿ. ಅರವತ್ತು ವರ್ಷ ದಾಟಿತು. ಓಣಿಗೆ ಓಣಿಯನ್ನೇ ಎಬ್ಬಿಸುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ತನಿಖೆಯ ದೃಷ್ಟಿಯಿಂದಲೂ ಅದು ದಡ್ಡತನ: ನಿಜವಾದ ಸುದ್ದಿ ಕೊಡಬಲ್ಲ ಜನ ಬಾಯಿ ಮುಚ್ಚಿಕೊಳ್ಳುತ್ತಾರೆ.

ಮುಂದೇನು ಮಾಡಬಹುದು? ಎಲ್ಲ ದಾರಿಗೂ ಒಂದೊಂದು ಮುಳ್ಳಿದೆ, ಮುಚ್ಚಿಡುವುದಿಲ್ಲ.

ಸುಲಭವಾದದ್ದು, ಗಿರಣಿ ಮಾಲೀಕರಿಂದ ಪಾಳಿ ಚೀಟಿ ಬರೆಸಿ ಮಗನ ಜೇಬಿನಲ್ಲಿ ಇಡುವುದು, ನೀವು ಹೋಗಿ ಇನ್‌ಸ್ಪೆಕ್ಟರಿಗೆ ನಮಸ್ಕಾರ ಹೇಳಿ ಬರುವುದು. ನಾಳೆ ರಾತ್ರಿಯ ಏಟು ತಪ್ಪುತ್ತದೆ. ಹೊಟ್ಟೆಪಾಡಿನವರಿಗೆ ಇದು ಬೇಡ ಎನ್ನಲಾರೆ. ಆದರೆ ಮನೆಯಿಂದ ಹೊರಬರಲು ಚೀಟಿ ಬೇಕು ಎನ್ನುವುದನ್ನು ಒಪ್ಪಿಕೊಂಡಂತಾಗುತ್ತದೆ, ಚೀಟಿ ಇಲ್ಲದ ಪಕ್ಕದ ಮನೆಯ ಹುಡುಗ ಒದೆ ತಿನ್ನುತ್ತಾನೆ.

ನಾನು ಮೊದಲು ಹಿಡಿಯುವ ದಾರಿ ತಹಶೀಲ್ದಾರ್ ಕಚೇರಿಯದು. ಒಂದು ಬಿಳಿ ಹಾಳೆಯಲ್ಲಿ, ‘ನಮ್ಮ ಊರಿನಲ್ಲಿ ಇಂಥ ದಿನದಿಂದ ರಾತ್ರಿ 10ರ ನಂತರ ಸಂಚಾರ ನಿಷೇಧಿಸಿರುವ 163ನೇ ಕಲಮಿನ ಆದೇಶದ ನಕಲು ಕೊಡಿ’ ಎಂದಷ್ಟೇ ಬರೆಯಿರಿ. ಇನ್ನೊಂದು ಪ್ರತಿ ಉಪವಿಭಾಗಾಧಿಕಾರಿಗೆ. ಹಿಂಬರಹ ಹಾಕಿಸಿಕೊಂಡು, ಮೊಹರು ಇರುವ ಪ್ರತಿ ಮನೆಯಲ್ಲಿಡಿ. ಇದರಲ್ಲಿ ಯಾರ ಮೇಲೂ ಆರೋಪವಿಲ್ಲ, ಸಿಟ್ಟಿಗೆ ಕಾರಣವಿಲ್ಲ. ಆದೇಶ ಇದ್ದರೆ ಸಿಗುತ್ತದೆ. ಆಗ ಅದೇ ಕಲಮಿನಡಿ, ಆದೇಶ ಮಾಡಿದವರ ಮುಂದೆಯೇ ಅರ್ಜಿ ಹಾಕಿ ಅದನ್ನು ಬದಲಿಸಲು ಕೇಳಬಹುದು, ಅವರು ನಿಮ್ಮನ್ನು ಕೇಳಬೇಕು, ನಿರಾಕರಿಸಿದರೆ ಕಾರಣ ಬರೆಯಬೇಕು. ಆದೇಶ ಇಲ್ಲದಿದ್ದರೆ, ಕಂದಾಯದವರು ಪೊಲೀಸರಿಗೆ ಒಂದು ಫೋನ್ ಮಾಡುತ್ತಾರೆ. ಎಷ್ಟೋ ಕಡೆ ಅಲ್ಲಿಗೇ ಮೈಕ್ ನಿಂತದ್ದನ್ನು ಕಂಡಿದ್ದೇನೆ. ಒಬ್ಬರೇ ಹೋಗಬೇಡಿ. ಹಮಾಲರ ಸಂಘದವರು, ಬಂಡಿಯವರು ಹತ್ತು ಜನ ಸಹಿ ಹಾಕಿದರೆ ಯಾರೂ ನಿಮ್ಮೊಬ್ಬರ ಮುಖ ನೆನಪಿಟ್ಟುಕೊಳ್ಳುವುದಿಲ್ಲ. ನಿಮಗೆ ಪುರಸಭೆಯ ಬೀದಿಬದಿ ವ್ಯಾಪಾರಿ ಗುರುತಿನ ಚೀಟಿ ಇದೆಯೇ? 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ 27ನೇ ಕಲಂ, ಷರತ್ತು ಪಾಲಿಸುವ ವ್ಯಾಪಾರಿಗೆ ಪೊಲೀಸರಾಗಲಿ ಬೇರೆಯವರಾಗಲಿ ಅಡ್ಡಿ ಮಾಡಬಾರದು ಎನ್ನುತ್ತದೆ. ಚೀಟಿ ಇಲ್ಲದಿದ್ದರೆ ಅದು ನಿಮ್ಮ ಕಡೆಯ ಸಡಿಲು, ಮೊದಲು ಬಿಗಿ ಮಾಡಿಕೊಳ್ಳಿ.

ಮಗನಿಗೆ ಹೊಡೆದದ್ದರ ದೂರು ಬೇರೆ ವಿಷಯ, ಅದಕ್ಕೆ ಹೊತ್ತು ಮೀರುತ್ತಿದೆ. ಬಾಸುಂಡೆ ವಾರದಲ್ಲಿ ಮಾಯುತ್ತದೆ. ಗುರುತು ಉಳಿದಿದ್ದರೆ ಇವತ್ತೇ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಹೇಗಾಯಿತೆಂದು ನಿಜ ಹೇಳಿ ಎಂಎಲ್‌ಸಿ, ಅಂದರೆ ಕೇಸಿಗೆ ಬೇಕಾಗುವ ಗಾಯದ ವೈದ್ಯಕೀಯ ದಾಖಲೆ, ಮಾಡಿಸಿ. ‘ಸೈಕಲ್ಲಿಂದ ಬಿದ್ದೆ’ ಎಂದರೆ ಅಲ್ಲಿಗೆ ಮುಗಿಯಿತು. ಠಾಣೆಗಳಲ್ಲಿ ಸಿಸಿಟಿವಿ ಇರಬೇಕು, ದೃಶ್ಯವನ್ನು ತಿಂಗಳುಗಟ್ಟಲೆ ಉಳಿಸಬೇಕು ಎಂದು 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಹೇಳಿದೆ. ಆ ರಾತ್ರಿ ಹನ್ನೊಂದರಿಂದ ಮೂರರ ದೃಶ್ಯ ಅಳಿಸದೆ ಕಾಯ್ದಿಡಿ ಎಂದು ಎಸ್‌ಪಿ ಕಚೇರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಬರೆಯಿರಿ. ದೂರು ಎಸ್‌ಪಿಯವರಿಗೆ ಕೊಡಬಹುದು, ಜಿಲ್ಲಾ ಪೊಲೀಸ್ ದೂರು ಪ್ರಾಧಿಕಾರಕ್ಕೆ ಕೊಡಬಹುದು, ಮಾನವ ಹಕ್ಕುಗಳ ಆಯೋಗಕ್ಕೂ ಕೊಡಬಹುದು. ಎರಡನೆಯದು ಡಿವೈಎಸ್‌ಪಿ ಮತ್ತು ಅವರ ಕೆಳಗಿನವರ ದುರ್ನಡತೆ ಕೇಳಲೆಂದೇ ಇರುವುದು, ಜನಕ್ಕೆ ಗೊತ್ತೇ ಇಲ್ಲ. ವಕೀಲರ ಫೀಸಿಗೆ ಹೆದರಬೇಡಿ. ತಾಲ್ಲೂಕು ಕಾನೂನು ಸೇವಾ ಸಮಿತಿ ಕೋರ್ಟ್ ಆವರಣದಲ್ಲೇ ಇರುತ್ತದೆ, 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಹೈಕೋರ್ಟಿನ ಮಾತು ಬಂದರೆ ಕೊಪ್ಪಳ, ಬಳ್ಳಾರಿಯವರಿಗೆ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ ಪೀಠ. ಅಲ್ಲಿಯವರೆಗೆ ಹೋಗುವ ಅಗತ್ಯ ನಿಮಗೆ ಬರಲಿಕ್ಕಿಲ್ಲ.

ಮಗನ ಮೇಲೆ ಕೇಸು ಬೀಳುತ್ತದೆಯೇ? ಬೀಳಬಹುದು. ಪೆಟ್ಟಿ ಕೇಸು, ಇಲ್ಲವೇ ಶಾಂತಿ ಪಾಲನೆಗೆ ಬಾಂಡ್ ಬರೆಸುವ, ನಾಗರಿಕ ಸುರಕ್ಷಾ ಸಂಹಿತೆಯ 126ನೇ ಕಲಮಿನ ನೋಟಿಸು, ಇವು ಠಾಣೆಯ ಕೈಯಲ್ಲಿರುವ ಸಣ್ಣ ಅಸ್ತ್ರಗಳು. ದೂರು ಕೊಟ್ಟ ಮೇಲೆ ಹಾಕಿದರೆ ತಾರೀಖು ನೋಡಿದವರಿಗೇ ಅದು ಸೇಡು ಎಂದು ಗೊತ್ತಾಗುತ್ತದೆ, ಅದಕ್ಕೇ ಮೊಹರಿನ ಪ್ರತಿ ಇಟ್ಟುಕೊಳ್ಳಿ ಎಂದದ್ದು. ಆದರೂ ಹತ್ತೊಂಬತ್ತರ ಹುಡುಗನಿಗೆ ತಾರೀಖಿಗೆ ಅಲೆದಾಟ ಎಂದರೆ ಕೂಲಿ ಹೋದಂತೆ. ನಾಳೆ ಆತ ಪೊಲೀಸ್ ಪರೀಕ್ಷೆಗೋ ಸೈನ್ಯಕ್ಕೋ ಅರ್ಜಿ ಹಾಕುವವನಿದ್ದರೆ ಇನ್ನೂ ಯೋಚಿಸಬೇಕು. ಅವನನ್ನು ಕೂರಿಸಿಕೊಂಡು ಕೇಳಿ. ಏಟು ತಿಂದವನು ಅವನು, ನಿರ್ಧಾರವೂ ಅವನದಿರಲಿ.

ವರ್ತಕರ ಮುಂದೆ ಮಾತಾಡುವ ಸಂದರ್ಭ ಬಂದರೆ ಹಕ್ಕಿನ ಮಾತಿನಿಂದ ಶುರು ಮಾಡಬೇಡಿ, ಅವರು ಕೇಳುವುದಿಲ್ಲ. ಬಸ್ ಸ್ಟ್ಯಾಂಡಿನಿಂದ ಗಿರಣಿಗಳ ತನಕ ಎಷ್ಟು ಬೀದಿ ದೀಪ ಉರಿಯುತ್ತಿಲ್ಲ ಎಂದು ಮಗನ ಕೈಯಲ್ಲಿ ಎಣಿಸಿಸಿ ಪಟ್ಟಿ ಒಯ್ಯಿರಿ. ಎಲ್ಲ ಅಂಗಡಿಯವರೂ ಶಟರಿನ ನಡು ಬೀಗ ಹಾಕಲಿ, ಹೊರಗೊಂದು ಬಲ್ಬ್ ಉರಿಸಲಿ, ಕ್ಯಾಮೆರಾ ರಸ್ತೆಗೆ ತಿರುಗಲಿ. ಗೂರ್ಖಾನಿಗೆ ತಿಂಗಳಿಗೆ ಇಷ್ಟು ಎಂದು ವಂತಿಗೆ ಹಾಕಲಿ. ರಾತ್ರಿ ಒಂದರಿಂದ ನಾಲ್ಕರ ನಡುವೆ ಒಂದು ಜೀಪು ಹದಿನೈದು ಹದಿನೈದು ನಿಮಿಷ ಮೂರು ಕಡೆ ನಿಲ್ಲಲಿ ಎಂದು ಬೇಡಿಕೆ ಇಡಲಿ. ಹತ್ತಕ್ಕೆ ಊರು ಮುಚ್ಚಿಸಿ ಹನ್ನೆರಡಕ್ಕೆ ಸುಸ್ತಾಗಿ ಮಲಗುವ ಗಸ್ತಿಗಿಂತ ಅದು ಮೇಲು. ನಿಮ್ಮ ಬಂಡಿಯನ್ನೂ ಆ ಲೆಕ್ಕದಲ್ಲಿ ಸೇರಿಸಿ. ಹನ್ನೆರಡರ ತನಕ ದೀಪ ಹಚ್ಚಿ ಕೂತ ಮನುಷ್ಯ ಊರಿಗೆ ಪುಕ್ಕಟೆ ಪಹರೆ.

ಕೊನೆಗೆ ಸಿಲಿಂಡರ್. ಅದರ ಕಳವಿನ ದೂರು ಕೊಟ್ಟೆ ಎಂದು ನೀವು ಎಲ್ಲೂ ಬರೆದಿಲ್ಲ. ಯಾಕಿರಬಹುದೆಂದು ಊಹಿಸಬಲ್ಲೆ. ಬಂಡಿಯಲ್ಲಿ ಇದ್ದದ್ದು 19 ಕೆ.ಜಿ.ಯ ನೀಲಿ ಸಿಲಿಂಡರೋ, ಮನೆಯ 14.2 ಕೆ.ಜಿ.ಯ ಕೆಂಪು ಸಿಲಿಂಡರೋ? ಕೆಂಪಾಗಿದ್ದರೆ ಅದನ್ನು ವ್ಯಾಪಾರಕ್ಕೆ ಬಳಸುವುದು ತಪ್ಪು, ನಿಮ್ಮ ದೂರಿನಲ್ಲೇ ನಿಮ್ಮನ್ನು ಹಿಡಿಯುತ್ತಾರೆ. ತಹಶೀಲ್ದಾರ್ ಕಚೇರಿಯ ಮೆಟ್ಟಿಲು ಹತ್ತುವ ಮೊದಲು ಗ್ಯಾಸ್ ಏಜೆನ್ಸಿಗೆ ಹೋಗಿ ನೀಲಿ ಕನೆಕ್ಷನ್ ಮಾಡಿಸಿಕೊಳ್ಳಿ. ನೀಲಿಯೇ ಆಗಿದ್ದರೆ ಬಿಲ್ಲು ಹಿಡಿದುಕೊಂಡು ಹೋಗಿ ಇವತ್ತೇ ದೂರು ಕೊಡಿ, ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು, ಕೇಳಿ ಪಡೆಯಿರಿ. ನಿಮ್ಮ ಕಳವು ಠಾಣೆಯ ಪುಸ್ತಕದಲ್ಲಿ ಇನ್ನೂ ಆಗಿಯೇ ಇಲ್ಲ.